ಅರ್ಧ ಹಾಡಿ ಎದ್ದು ಹೋದವನು

ಕ್ವೀನ್ ಎಂಬ ಇಂಗ್ಲೆಂಡಿನ ರಾಕ್ ತಂಡದ ‘ಮೇಡ್ ಇನ್ ಹೆವನ್’ ಎಂಬ ಆಲ್ಬಮ್ ಬಿಡುಗಡೆಯಾದದ್ದು 1995ರ ನವೆಂಬರ್ 6ರಂದು. ಅದರಲ್ಲಿ ಹಾಡಿರುವ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡದ್ದು 1991ರ ನವೆಂಬರ್ 24ರಂದು. ನಡುವೆ ನಾಲ್ಕು ವರ್ಷಕ್ಕೆ ಹದಿನೆಂಟು ದಿನ ಕಡಿಮೆ. ಸತ್ತವರ ಹಾಡನ್ನು ಕೇಳುವುದು ನಮಗೆ ವಿಶೇಷವೇನಲ್ಲ. ಬೆಳಿಗ್ಗೆ ರೇಡಿಯೋ ಹಾಕಿದರೆ ಹಾಡುವವರಲ್ಲಿ ಅರ್ಧಕ್ಕರ್ಧ ಜನ ಈ ಲೋಕದಲ್ಲಿರುವುದಿಲ್ಲ. ಆದರೆ ಅವರೆಲ್ಲ ಬದುಕಿದ್ದಾಗಲೇ ಹಾಡಿ ಮುಗಿಸಿ, ತಾವೇ ಒಮ್ಮೆ ಕೇಳಿ, ಸರಿಯಾಯಿತೆಂದು ತಲೆದೂಗಿ ಹೋದವರು. ‘ಮೇಡ್ ಇನ್ ಹೆವನ್’ ಹಾಡುಗಾರ ಹೋದಮೇಲೆ ಕಟ್ಟಿದ್ದು. ಕಂಠ ಅವನದು, ಕಟ್ಟಡ ಉಳಿದ ಮೂವರದು. ಇದನ್ನು ಯಾರ ಹಾಡೆಂದು ಕರೆಯಬೇಕು ಎಂಬ ಪ್ರಶ್ನೆ ನನ್ನನ್ನು ಮೊದಲ ಸಲ ಕೇಳಿದಾಗಿನಿಂದಲೂ ಬಿಟ್ಟಿಲ್ಲ.

ಫ್ರೆಡ್ಡಿಯ ನಿಜವಾದ ಹೆಸರು ಫರೂಖ್ ಬಲ್ಸಾರಾ. ಗುಜರಾತಿನ ಬಲ್ಸಾರ್, ಅಂದರೆ ಈಗಿನ ವಲ್ಸಾಡ್, ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಪಾರ್ಸಿ ಕುಟುಂಬ ಅದು. ತಂದೆ ಬೋಮಿ ಬಲ್ಸಾರಾ ಆಫ್ರಿಕದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪದಲ್ಲಿ ಬ್ರಿಟಿಷ್ ಸರ್ಕಾರದ ಕ್ಯಾಷಿಯರ್. ಮಗ ಹುಟ್ಟಿದ್ದು ಅಲ್ಲಿಯೇ, 1946ರ ಸೆಪ್ಟೆಂಬರ್ 5ರಂದು. ಎಂಟು ವರ್ಷದ ಹುಡುಗನನ್ನು ಹಡಗು ಹತ್ತಿಸಿ ಮಹಾಬಳೇಶ್ವರದ ಪಕ್ಕದ ಪಂಚಗನಿಯ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲ್ಲಿಗೆ ಕಳಿಸಿದರು. ಪಿಯಾನೊ ಕಲಿತದ್ದು, ಗೆಳೆಯರೊಂದಿಗೆ ‘ಹೆಕ್ಟಿಕ್ಸ್’ ಎಂಬ ಪುಟ್ಟ ತಂಡ ಕಟ್ಟಿದ್ದು, ಫ್ರೆಡ್ಡಿ ಎಂದು ಕರೆಸಿಕೊಂಡದ್ದು ಎಲ್ಲವೂ ಸಹ್ಯಾದ್ರಿಯ ಆ ಗುಡ್ಡದ ಮೇಲೆಯೇ. ಬೆಳೆದಮೇಲೆ ಅವನು ತನ್ನ ಭಾರತದ ದಿನಗಳ ಬಗ್ಗೆ ಪತ್ರಕರ್ತರ ಹತ್ತಿರ ಬಾಯಿ ಬಿಟ್ಟದ್ದು ಬಹಳ ಕಡಿಮೆ. 1963ರಲ್ಲಿ ಜಾಂಜಿಬಾರಿಗೆ ಮರಳಿದ. ಮಾರನೆಯ ವರ್ಷದ ಜನವರಿಯಲ್ಲಿ ಅಲ್ಲಿ ಕ್ರಾಂತಿಯಾಯಿತು, ಅರಬರೂ ಭಾರತೀಯರೂ ಸಾಯತೊಡಗಿದರು. ಬಲ್ಸಾರಾ ಸಂಸಾರ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಇಂಗ್ಲೆಂಡಿಗೆ ಓಡಿತು. ಲಂಡನ್ನಿನ ವಿಮಾನ ನಿಲ್ದಾಣದ ಹತ್ತಿರದ ಫೆಲ್ತಮ್ ಎಂಬಲ್ಲಿ ಮನೆ. ಹುಡುಗ ಈಲಿಂಗ್ ಕಲಾಶಾಲೆಯಲ್ಲಿ ಚಿತ್ರಕಲೆ ಓದಿದ. 1970ರಲ್ಲಿ ಗಿಟಾರಿನ ಬ್ರಯನ್ ಮೇ, ಡ್ರಮ್ಮಿನ ರೋಜರ್ ಟೇಲರ್ ಜೊತೆ ಸೇರಿ ಕ್ವೀನ್ ಆಯಿತು; ಮರುವರ್ಷ ಬೇಸ್ ಗಿಟಾರಿನ ಜಾನ್ ಡೀಕನ್ ಬಂದ. ಆಮೇಲೆ ಇಪ್ಪತ್ತು ವರ್ಷ ಈ ನಾಲ್ವರಲ್ಲಿ ಒಬ್ಬನೂ ಬದಲಾಗಲಿಲ್ಲ. ರಾಕ್ ತಂಡಗಳ ಜಗಳಗಳನ್ನು ಬಲ್ಲವರಿಗೆ ಇದು ಎಂಥ ಅಪರೂಪವೆಂದು ಗೊತ್ತು. ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಈ ಆಲ್ಬಮ್ ಹುಟ್ಟಿದ ಊರು ಸ್ವಿಟ್ಜರ್ಲೆಂಡಿನ ಮೊಂತ್ರೋ. ಜಿನೀವಾ ಸರೋವರದ ದಂಡೆ, ಎದುರಿಗೆ ಆಲ್ಪ್ಸ್ ಪರ್ವತ, ನಡುವೆ ಜೂಜಿನ ಕಟ್ಟೆಯಾದ ಕ್ಯಾಸಿನೊ. 1971ರ ಡಿಸೆಂಬರಿನಲ್ಲಿ ಫ್ರ್ಯಾಂಕ್ ಜಪ್ಪಾನ ಕಛೇರಿ ನಡೆಯುತ್ತಿದ್ದಾಗ ಆ ಕ್ಯಾಸಿನೊ ಹೊತ್ತಿ ಉರಿದು, ನೀರಿನ ಮೇಲೆ ಹಬ್ಬಿದ ಹೊಗೆಯನ್ನು ನೋಡಿದ ಡೀಪ್ ಪರ್ಪಲ್ ತಂಡದವರು ತಮ್ಮ ಅತ್ಯಂತ ಪ್ರಸಿದ್ಧ ಹಾಡನ್ನು ಬರೆದರು. ಮತ್ತೆ ಕಟ್ಟಿದ ಕ್ಯಾಸಿನೊದಲ್ಲಿ ಮೌಂಟನ್ ಸ್ಟುಡಿಯೋ ಬಂತು. 1978ರಲ್ಲಿ ಕ್ವೀನ್ ತಂಡ ಅಲ್ಲಿ ಧ್ವನಿಮುದ್ರಣಕ್ಕೆ ಹೋಗಿ, ಮುಂದಿನ ವರ್ಷ ಸ್ಟುಡಿಯೋವನ್ನೇ ಕೊಂಡುಬಿಟ್ಟಿತು. ಆ ನಿದ್ದೆಗಣ್ಣಿನ ಊರು ಫ್ರೆಡ್ಡಿಗೆ ಮೊದಮೊದಲು ಸ್ವಲ್ಪವೂ ಹಿಡಿಸಲಿಲ್ಲವಂತೆ. ಕೊಂಡ ಸ್ಟುಡಿಯೋವನ್ನು ಏನು ಮಾಡುತ್ತೀರಿ ಎಂದು ಅಲ್ಲಿನ ಎಂಜಿನಿಯರ್ ಡೇವಿಡ್ ರಿಚರ್ಡ್ಸ್ ಕೇಳಿದ್ದಕ್ಕೆ, ಕೆರೆಗೆ ಎಸೆಯುತ್ತೇವೆ ಎಂದಿದ್ದನೆನ್ನುತ್ತಾರೆ. ಕೊನೆಗಾಲದಲ್ಲಿ ಅದೇ ಊರು ಅವನಿಗೆ ಬೇಕಾಯಿತು. ಅಲ್ಲಿ ಅವನನ್ನು ಯಾರೂ ಹಿಂಬಾಲಿಸುತ್ತಿರಲಿಲ್ಲ. ಲಂಡನ್ನಿನಲ್ಲಾದರೋ ಪತ್ರಿಕೆಯ ಛಾಯಾಗ್ರಾಹಕರು ಮನೆಯ ಗೋಡೆಯಾಚೆ ಬೀಡುಬಿಟ್ಟಿದ್ದರು. ಸೊರಗಿದ ಮುಖದ ಒಂದು ಚಿತ್ರಕ್ಕೆ ಅವರು ಹಗಲಿರುಳು ಕಾಯುತ್ತಿದ್ದರು.

ಏಡ್ಸ್ ಸೋಂಕು ಇರುವುದು ಅವನಿಗೆ ತಿಳಿದದ್ದು 1987ರಲ್ಲಿ. ಅದಕ್ಕೂ ಮೊದಲೇ, 1986ರ ಆಗಸ್ಟ್ 9ರಂದು ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ನಡೆದದ್ದು ನಾಲ್ವರೂ ಕೂಡಿ ನುಡಿಸಿದ ಕೊನೆಯ ಕಛೇರಿಯಾಗಿತ್ತು; ಅದು ಕೊನೆಯದೆಂದು ಅಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ತಂಡದ ಕೆಲಸವೆಲ್ಲ ಸ್ಟುಡಿಯೋದ ಬಾಗಿಲೊಳಗೆ. 1989ರಲ್ಲಿ ‘ದಿ ಮಿರಾಕಲ್’ ಬಂತು. ಅದುವರೆಗೆ ಹಾಡು ಬರೆದವನ ಹೆಸರು ಬೇರೆಬೇರೆಯಾಗಿ ಹಾಕುತ್ತಿದ್ದವರು ಆಗ ಮೊದಲ ಬಾರಿಗೆ ಎಲ್ಲ ಹಾಡನ್ನೂ ನಾಲ್ವರ ಹೆಸರಿಗೆ ಬರೆದರು. ಬರೆದವನಿಗೆ ಹಣ ಹೆಚ್ಚು ಬರುವುದರಿಂದ ಈ ಹೆಸರಿನ ವಿಚಾರಕ್ಕೇ ಎಷ್ಟೋ ತಂಡಗಳು ಒಡೆದಿವೆ. ಇವರು ಮಾತ್ರ ಸಾವು ಹತ್ತಿರ ಬಂದ ಹೊತ್ತಿನಲ್ಲಿ ಲೆಕ್ಕವನ್ನು ಒಂದೇ ಪುಸ್ತಕಕ್ಕೆ ತಂದುಕೊಂಡರು. 1991ರ ಫೆಬ್ರವರಿಯಲ್ಲಿ ‘ಇನ್ಯುಎಂಡೊ’ ಬಂತು. ಅದರ ಕೊನೆಯ ಹಾಡನ್ನು ಈ ಸ್ಥಿತಿಯಲ್ಲಿ ಹಾಡಬಲ್ಲನೇ ಎಂದು ಬ್ರಯನ್ ಮೇ ಅನುಮಾನಿಸುತ್ತಿರಬೇಕಾದರೆ ಫ್ರೆಡ್ಡಿ ಒಂದು ಗುಟುಕು ವೋಡ್ಕಾ ಕುಡಿದು ಒಳಗೆ ಹೋಗಿ, ಗಂಟಲು ಬಿರಿಯುವಂತೆ ಹಾಡಿ ಬಂದನಂತೆ. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಅವನು ಬಿಡಲಿಲ್ಲ. ಆಲ್ಬಮ್ ಅಂಗಡಿಗೆ ಹೋಗುವಷ್ಟರಲ್ಲಿ ಮತ್ತೆ ಮೊಂತ್ರೋಗೆ ಎಲ್ಲರನ್ನೂ ಕರೆಸಿಕೊಂಡ.

ಈ ಕೆಲಸದ ಬಗ್ಗೆ ಬ್ರಯನ್ ಮೇ ಹಲವು ಸಂದರ್ಶನಗಳಲ್ಲಿ ಹೇಳಿದ್ದಾನೆ. ಫ್ರೆಡ್ಡಿಯದು ಒಂದೇ ವರಾತ: ಏನಾದರೂ ಬರೆದುಕೊಡಿ, ಏನು ಕೊಟ್ಟರೂ ಹಾಡುತ್ತೇನೆ, ನಾನು ಹೋದಮೇಲೆ ನೀವು ಮುಗಿಸಿಕೊಳ್ಳಿ. ಒಂದು ದಿನ ಮೈ ಗಟ್ಟಿಯಿದ್ದರೆ ಕೆಲವು ಗಂಟೆ ಕೆಲಸ, ಮರುದಿನ ಇಲ್ಲ. ಉಳಿದ ಮೂವರು ಸ್ಟುಡಿಯೋದಲ್ಲಿ ಕಾಯುತ್ತ ಕೂರುತ್ತಿದ್ದರು. ಇಡೀ ಹಾಡು ಸಿದ್ಧವಾಗುವವರೆಗೆ ತಡೆಯಲು ಸಮಯವಿಲ್ಲ. ಆದ್ದರಿಂದ ಡ್ರಮ್ ಮಶೀನಿನ ಬರಿಯ ತಾಳ, ಸ್ವರಕ್ಕೆ ಆಧಾರವಾಗಿ ಅಲ್ಲಿಷ್ಟು ಇಲ್ಲಿಷ್ಟು ವಾದ್ಯ, ಅಷ್ಟರ ಮೇಲೆಯೇ ಅವನು ಹಾಡುತ್ತಿದ್ದ. ಮೇ ಪಕ್ಕದಲ್ಲಿ ಕೂತು ಕಾಗದದ ಚೂರುಗಳ ಮೇಲೆ ಒಂದೊಂದೇ ಸಾಲು ಬರೆದುಕೊಡುವುದು, ಫ್ರೆಡ್ಡಿ ಅದನ್ನು ಎತ್ತಿಕೊಂಡು ಹಾಡುವುದು, ಅಷ್ಟರಲ್ಲಿ ಮುಂದಿನ ಸಾಲು. ‘ಮದರ್ ಲವ್’ ಎಂಬ ಹಾಡು ಬೆಳೆದದ್ದು ಹೀಗೆ, 1991ರ ಮೇ ತಿಂಗಳಿನಲ್ಲಿ. ದಣಿದುಹೋದ ಒಬ್ಬ ಮನುಷ್ಯ ತಾಯಿಯ ಒಡಲಿನ ನೆಮ್ಮದಿಯನ್ನು ಬೇಡುವುದು ಅದರ ವಸ್ತು. ನಡುವೆ ಒಂದು ಕಡೆ ಫ್ರೆಡ್ಡಿ ತನಗೆ ತಾನೇ ಸವಾಲು ಹಾಕಿಕೊಂಡಂತೆ ಸ್ಥಾಯಿ ಬಿಟ್ಟು ಮೇಲಕ್ಕೆ ಹಾರುತ್ತಾನೆ. ಮೇ ಬರೆದುಕೊಟ್ಟದ್ದಕ್ಕಿಂತ ಎತ್ತರದ ಸ್ವರ ಅದು. ಹೆಜ್ಜೆಯಿಡಲೂ ಕಷ್ಟವಾಗಿದ್ದ ದಿನಗಳಲ್ಲಿ ಹಾಡಿದ್ದು. ಕೊನೆಯ ಚರಣ ಬಾಕಿ ಉಳಿದಿತ್ತು. ಈಗ ಆಗುವುದಿಲ್ಲ, ಹೋಗಿ ಸ್ವಲ್ಪ ವಿಶ್ರಾಂತಿ ತೆಗೆದುಕೊಂಡು ಬಂದು ಮುಗಿಸುತ್ತೇನೆ ಎಂದು ಎದ್ದು ಹೋದ. ಮತ್ತೆ ಬರಲಿಲ್ಲ.

ಮೇ 30ರಂದು ಲಂಡನ್ನಿನಲ್ಲಿ ಒಂದು ಹಾಡಿನ ಚಿತ್ರೀಕರಣಕ್ಕೆ ಕ್ಯಾಮೆರಾ ಮುಂದೆ ನಿಂತದ್ದೇ ಅವನು ಜನಕ್ಕೆ ಕಂಡ ಕೊನೆಯ ರೂಪ. ನವೆಂಬರ್ 23ರಂದು ತನಗೆ ಏಡ್ಸ್ ಇದೆಯೆಂದು ಹೇಳಿಕೆ ಕೊಟ್ಟ. ಮರುದಿನ ಸಂಜೆ ಕೆನ್ಸಿಂಗ್ಟನ್ನಿನ ಮನೆಯಲ್ಲಿ ಪ್ರಾಣ ಬಿಟ್ಟ. ನಲವತ್ತೈದು ವರ್ಷ. ಏಡ್ಸಿಗೆ ಹಲವು ಔಷಧಿಗಳನ್ನು ಕೂಡಿಸಿ ಕೊಡುವ, ರೋಗಿಯನ್ನು ನಿಜವಾಗಿ ಉಳಿಸಬಲ್ಲ ಚಿಕಿತ್ಸೆ ಕೈಗೆ ಸಿಕ್ಕಿದ್ದು 1996ರ ಸುಮಾರಿಗೆ. ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿ ಅಂತ್ಯಕ್ರಿಯೆ ನಡೆದಾಗ ಬಿಳಿಯುಡುಪಿನ ಪಾರ್ಸಿ ಪುರೋಹಿತರು ಅವೆಸ್ತಾದ ಮಂತ್ರ ಹೇಳಿದರು. ಪಂಚಗನಿಯ ಬಗ್ಗೆ ಹೆಚ್ಚು ಹೇಳದೆ ಬದುಕಿದವನನ್ನು ಹೀಗೆ ಹಳೆಯ ಮನೆಯವರೇ ಬೀಳ್ಕೊಟ್ಟರು.

ಈಗ ಮೂವರ ಕೈಯಲ್ಲಿ ಉಳಿದದ್ದೇನು? ಆ ಕೊನೆಯ ತಿಂಗಳುಗಳಲ್ಲಿ ಹಾಡಿದ್ದು ಎರಡು ಹಾಡು, ಇನ್ನೊಂದರ ತುಣುಕು, ಅಷ್ಟೆ. ಆಲ್ಬಮ್ಮಿಗೆ ಅದು ಸಾಲದು.

ಇಲ್ಲಿ ಸ್ಟುಡಿಯೋದ ಒಂದು ಉಪಾಯವನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಪವಾಡದಂತೆ ಕಾಣುತ್ತದೆ. ನಮ್ಮ ಕಛೇರಿಯ ಧ್ವನಿಮುದ್ರಣದಲ್ಲಿ ಹಾಡುಗಾರ, ಪಿಟೀಲು, ಮೃದಂಗ, ತಂಬೂರಿ ಎಲ್ಲವೂ ಕೂಡಿಯೇ ಟೇಪಿಗೆ ಇಳಿಯುತ್ತವೆ. ಸಾರಿಗೆ ಉಪ್ಪು ಹಾಕಿದಮೇಲೆ ತೆಗೆಯಲಾಗದ ಹಾಗೆ ಆಮೇಲೆ ಅವನ್ನು ಬೇರ್ಪಡಿಸುವುದು ಕಷ್ಟ. ರಾಕ್ ತಂಡಗಳ ಸ್ಟುಡಿಯೋದಲ್ಲಿ ಎರಡಂಗುಲ ಅಗಲದ ಟೇಪಿನ ಮೇಲೆ ಇಪ್ಪತ್ತನಾಲ್ಕು ಪಟ್ಟಿಗಳಿರುತ್ತಿದ್ದವು. ಒಂದೊಂದು ಪಟ್ಟಿಗೆ ಒಂದೊಂದು ದನಿ. ಹಾಡುಗಾರನ ಪಟ್ಟಿಯನ್ನು ಹಾಗೆಯೇ ಇಟ್ಟುಕೊಂಡು ಉಳಿದುದೆಲ್ಲವನ್ನೂ ಅಳಿಸಿ ಹೊಸದಾಗಿ ನುಡಿಸಬಹುದು. ಯಂತ್ರದ ತಾಳಕ್ಕೆ ಹಾಡಿದ್ದಾದರೆ ಇನ್ನೂ ಸುಲಭ: ಲಯ ಕೂದಲೆಳೆಯಷ್ಟೂ ಅಲ್ಲಾಡಿರುವುದಿಲ್ಲ, ನಾಲ್ಕು ವರ್ಷ ಬಿಟ್ಟು ಬಂದು ಕೂತ ಡ್ರಮ್ಮಿನವನೂ ಜೊತೆ ಸೇರಬಹುದು. ಪಕ್ಕವಾದ್ಯದವರು ಬರುವುದಕ್ಕೆ ಮುಂಚೆ ಹಾಡುಗಾರ ಬಂದು ಹಾಡಿ ಹೋದ ಕಛೇರಿ ಎನ್ನಿ. ಫ್ರೆಡ್ಡಿ ಆತುರಪಟ್ಟದ್ದು ಈ ಲೆಕ್ಕದ ಮೇಲೆಯೇ. ಗಿಟಾರನ್ನು ಯಾವಾಗ ಬೇಕಾದರೂ ನುಡಿಸಬಹುದು, ತನ್ನ ಪಟ್ಟಿ ಮಾತ್ರ ಈಗಲೇ ತುಂಬಬೇಕೆಂದು ಅವನಿಗೆ ಗೊತ್ತಿತ್ತು.

1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ಅವನ ನೆನಪಿನ ದೊಡ್ಡ ಕಛೇರಿ ನಡೆಯಿತು. ಅದರ ಹಣದಿಂದ ಏಡ್ಸ್ ವಿರುದ್ಧ ಹೋರಾಡುವ ಒಂದು ಟ್ರಸ್ಟು ಹುಟ್ಟಿತು. ಆಮೇಲೆ ಮೇ ತನ್ನ ಸ್ವಂತ ಹಾಡುಗಳನ್ನು ಹೊತ್ತು ಊರೂರು ಸುತ್ತಲು ಹೊರಟ. ಟೇಲರ್ ಮತ್ತು ಡೀಕನ್ ಟೇಪು ಬಿಚ್ಚಿ ಕೆಲಸ ಶುರುಮಾಡಿದರು. ಸುತ್ತಾಟ ಮುಗಿಸಿ ಬಂದ ಮೇಗೆ ಅವರು ಮಾಡಿದ್ದು ಅಷ್ಟಾಗಿ ಹಿಡಿಸಲಿಲ್ಲ. ಎಷ್ಟೋ ಭಾಗವನ್ನು ಮತ್ತೆ ಮೊದಲಿನಿಂದ ಮಾಡಿದರು. ಮನೆಯ ಯಜಮಾನ ಸತ್ತಮೇಲೆ ಪಾತ್ರೆಪಡಗ ಎಣಿಸುವ ಹೊತ್ತಿನಲ್ಲಿ ಮಕ್ಕಳ ನಡುವೆ ಏಳುವ ಮಾತುಗಳನ್ನು ನೆನೆಸಿಕೊಂಡರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕಂಪ್ಯೂಟರಿನ ಮುಂದೆ ಕೂತು, ಸತ್ತ ಗೆಳೆಯನ ಒಂದೇ ಸಾಲನ್ನು ದಿನಗಟ್ಟಲೆ ಮತ್ತೆ ಮತ್ತೆ ಕೇಳುತ್ತ, ಉಸಿರೆಲ್ಲಿ, ಅಕ್ಷರವೆಲ್ಲಿ ಎಂದು ಜೋಡಿಸುವ ಕೆಲಸ ಅದು. ಆ ದುಃಖಕ್ಕೆ ನಮ್ಮಲ್ಲಿ ಹೆಸರಿಲ್ಲ. ನಾವು ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ಗೆರೆ ಎಳೆದು ಹೋದವರನ್ನು ಕಳಿಸಿಕೊಡುತ್ತೇವೆ. ಇವರಿಗೆ ಹೋದವನು ದಿನಾ ಬೆಳಿಗ್ಗೆ ಗುಂಡಿ ಒತ್ತಿದೊಡನೆ ಹಾಡುತ್ತಿದ್ದ.

ಸಾಲದ ಹಾಡುಗಳಿಗಾಗಿ ಅಟ್ಟವನ್ನೆಲ್ಲ ತಡಕಿದರು. 1980ರಲ್ಲಿ ಮ್ಯೂನಿಕ್ಕಿನಲ್ಲಿ ಫ್ರೆಡ್ಡಿ ಪಿಯಾನೊ ಮುಂದೆ ಸುಮ್ಮನೆ ಗುನುಗಿದ ಒಂದು ತುಣುಕು ಸಿಕ್ಕಿತು; ಅದನ್ನು ಹಿಗ್ಗಿಸಿ ಆಲ್ಬಮ್ಮಿನ ಮೊದಲ ಹಾಡು ಮಾಡಿದರು. ಎಂಬತ್ತರ ದಶಕದ ಮೊದಲ ಭಾಗದಲ್ಲಿ ರಾಡ್ ಸ್ಟುವರ್ಟ್ ಬಂದಾಗ ಕೂಡಿ ಎಳೆದು ಬಿಟ್ಟಿದ್ದ ಒಂದು ಹಾಡಿತ್ತು; ಅದರಲ್ಲಿ ಮೊದಲ ಚರಣ ಫ್ರೆಡ್ಡಿಯದು, ಎರಡನೆಯದು ಟೇಲರನದು, ಮೂರನೆಯದು ಮೇಯದು. ಫ್ರೆಡ್ಡಿಯ 1985ರ ಸ್ವಂತ ಆಲ್ಬಮ್ಮಿನಿಂದ ಎರಡು ಹಾಡು ತೆಗೆದುಕೊಂಡು ಹಿಂದಿನ ವಾದ್ಯವನ್ನೆಲ್ಲ ಕಿತ್ತು ತಮ್ಮದನ್ನು ಹಾಕಿದರು. ಅದರಲ್ಲೊಂದರ ಹೆಸರೇ ‘ಮೇಡ್ ಇನ್ ಹೆವನ್’. ಸ್ವರ್ಗದಲ್ಲಿ ಮಾಡಿದ್ದು ಎಂಬ ಅರ್ಥದ ಈ ಹೆಸರನ್ನು ಅವನು ಇಟ್ಟದ್ದು ಮೈಯಲ್ಲಿ ರೋಗವಿದೆಯೆಂದು ತಿಳಿಯುವುದಕ್ಕೆ ಎರಡು ವರ್ಷ ಮೊದಲು. ಟೇಲರನ ಬೇರೊಂದು ತಂಡಕ್ಕೆ ಗೆಳೆತನದಿಂದ ಹಾಡಿಕೊಟ್ಟಿದ್ದ ಹಾಡೊಂದು ಬಂತು. ‘ದಿ ಮಿರಾಕಲ್’ ಕಾಲದ ಇನ್ನೊಂದು ಹಾಡನ್ನು ಬರೆಯುವಾಗ ಹೊರಗಿನ ಇಬ್ಬರು ಸೇರಿದ್ದರಾಗಿ, ಎಲ್ಲವೂ ನಾಲ್ವರ ಹೆಸರಿಗೇ ಎಂಬ ಹೊಸ ಕಟ್ಟಿಗೆ ಹೊಂದದೆ ಅದು ಪೆಟ್ಟಿಗೆಯಲ್ಲಿ ಉಳಿದಿತ್ತು. ಅದಕ್ಕೂ ಈಗ ಬಿಡುಗಡೆ. ಉಳಿದ ತುಣುಕನ್ನು ಡೇವಿಡ್ ರಿಚರ್ಡ್ಸ್, ಇದರಲ್ಲಿ ಹಾಡೇ ಇಲ್ಲವೆಂದು ತಂಡದವರು ಕೈಬಿಟ್ಟಮೇಲೂ, ಕತ್ತರಿಸಿ ಅಂಟಿಸಿ ಒಂದು ಕುಣಿತದ ಹಾಡಾಗಿ ನಿಲ್ಲಿಸಿದ. ಯುರೋಪಿನ ಹುಡುಗರು ಅದಕ್ಕೆ ಚೆನ್ನಾಗಿಯೇ ಕುಣಿದರು.

ಹೀಗೆ ಒಂದೇ ಆಲ್ಬಮ್ಮಿನಲ್ಲಿ ಮೂವತ್ಮೂರರ ಫ್ರೆಡ್ಡಿಯೂ ಇದ್ದಾನೆ, ನಲವತ್ನಾಲ್ಕರ ಫ್ರೆಡ್ಡಿಯೂ ಇದ್ದಾನೆ. ಆದರೂ ಅದು ಒಬ್ಬನೇ ಒಂದೇ ಋತುವಿನಲ್ಲಿ ಹಾಡಿದಂತೆ ಕೇಳುತ್ತದೆ. ಅದೇ ಈ ಮೂವರ ಗೆಲುವು. ಅದೇ ನನ್ನ ತಕರಾರಿಗೂ ಕಾರಣ.

ಅರ್ಧಕ್ಕೆ ನಿಂತದ್ದನ್ನು ಇನ್ನೊಬ್ಬರು ಮುಂದುವರಿಸುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಬಾಣಭಟ್ಟ ‘ಕಾದಂಬರಿ’ಯನ್ನು ನಡುವಿನಲ್ಲೇ ಬಿಟ್ಟು ತೀರಿಕೊಂಡ, ಮಗ ಭೂಷಣಭಟ್ಟ ಮುಗಿಸಿದ. ನಾಗವರ್ಮನ ಮೂಲಕ ಆ ಕಥೆ ಓದಿದ ಕನ್ನಡಿಗರಿಗೂ ಇದು ಗೊತ್ತು. ತಂದೆ ಸ್ವರ್ಗಕ್ಕೆ ಹೋದೊಡನೆ ಕಥೆಯೂ ಕಡಿದುಹೋಯಿತು, ಅದು ಮುಗಿಯಲಿಲ್ಲವೆಂದು ಸಹೃದಯರು ಪಡುವ ದುಃಖವನ್ನು ನೋಡಲಾರದೆ ಕೈ ಹಾಕಿದ್ದೇನೆ, ಕವಿಯೆಂಬ ಅಹಂಕಾರದಿಂದಲ್ಲ, ಎಂಬ ಅರ್ಥದ ಮಾತನ್ನು ಮಗ ಮೊದಲಿಗೇ ಹೇಳಿಬಿಡುತ್ತಾನೆ. ಒಂಬತ್ತನೆಯ ಶತಮಾನದಲ್ಲಿ ಜಿನಸೇನರು ಮಹಾಪುರಾಣವನ್ನು ಪೂರ್ತಿಮಾಡದೆ ಹೋದಾಗ ಶಿಷ್ಯ ಗುಣಭದ್ರರು ಮುಂದುವರಿಸಿದರು. ಅಲ್ಲೆಲ್ಲ ಓದುಗನಿಗೆ ಗೆರೆ ಕಾಣುತ್ತದೆ: ಇಲ್ಲಿಗೆ ತಂದೆ, ಇಲ್ಲಿಂದ ಮಗ, ಇಲ್ಲಿಗೆ ಗುರು, ಇಲ್ಲಿಂದ ಶಿಷ್ಯ. ‘ಮೇಡ್ ಇನ್ ಹೆವನ್’ನ ಹೆಚ್ಚಿನ ಹಾಡುಗಳಲ್ಲಿ ಆ ಗೆರೆಯನ್ನು ಒರೆಸಿದ್ದಾರೆ. 1985ರ ಹಾಡುಗಳನ್ನೇ ನೋಡಿ. ಅವು ಅರ್ಧ ಉಳಿದವಲ್ಲ. ಫ್ರೆಡ್ಡಿ ತಾನೇ ಮುಗಿಸಿ, ತಾನೇ ಒಪ್ಪಿ, ತನ್ನ ಹೆಸರಿನಲ್ಲಿ ಮಾರಿದ್ದು. ಅವನಿಗೆ ಆಗ ಬೇಕಾಗಿದ್ದುದು ಹಗುರಾದ ಕೀಬೋರ್ಡಿನ ಕುಣಿತ. ಗೆಳೆಯರು ಅದರ ಮೇಲೆ ಗಿಟಾರಿನ ಗುಡುಗು ಹೇರಿದರು. ಕಿವಿಗೆ ಹೇಳುವುದಾದರೆ ‘ಮೇಡ್ ಇನ್ ಹೆವನ್’ ಹಾಡಿಗೆ ಈ ಹೊಸ ಅಂಗಿ ಹಳೆಯದಕ್ಕಿಂತ ಚೆನ್ನಾಗಿ ಒಪ್ಪಿದೆ. ಇನ್ನೊಂದು ಹಾಡಿಗೆ ಭಾರವಾಯಿತು. ಅದು ರುಚಿಯ ಮಾತು. ಕೇಳದೆ ಮಾಡಿದರಲ್ಲ ಎನ್ನುವುದು ಬೇರೆಯೇ ಮಾತು. ನೀವು ಮುಗಿಸಿಕೊಳ್ಳಿ ಎಂದು ಫ್ರೆಡ್ಡಿ ಅಪ್ಪಣೆ ಕೊಟ್ಟದ್ದು ಮುಗಿಯದ ಹಾಡುಗಳಿಗೆ. ಮುಗಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದಕ್ಕೂ ಅದೇ ಅಪ್ಪಣೆ ಸಾಕೇ? ಇಪ್ಪತ್ತು ವರ್ಷ ಅವನ ಜೊತೆ ಜಗಳವಾಡಿದವರು ಸಾಕು ಎಂದುಕೊಂಡರು. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಆದರೆ ಅವರನ್ನು ಬಿಟ್ಟರೆ ಹಾಗೆ ಅಂದುಕೊಳ್ಳುವ ಹಕ್ಕು ಬೇರೆ ಯಾರಿಗಿತ್ತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇನ್ನೊಂದು ದಾರಿಯೂ ಇತ್ತು. ಅಮೆರಿಕದ ಜ್ಯಾನಿಸ್ ಜಾಪ್ಲಿನ್ 1970ರ ಅಕ್ಟೋಬರ್ 4ರಂದು ಹಾಲಿವುಡ್ಡಿನ ಒಂದು ಹೋಟೆಲಿನಲ್ಲಿ ಮಾದಕದ್ರವ್ಯ ಹೆಚ್ಚಾಗಿ ಸತ್ತಳು. ‘ಪರ್ಲ್’ ಎಂಬ ಆಲ್ಬಮ್ ಬಹುಮಟ್ಟಿಗೆ ಮುಗಿದಿತ್ತು. ಒಂದು ಹಾಡಿಗೆ ವಾದ್ಯವೆಲ್ಲ ಸಿದ್ಧವಾಗಿ ಅವಳು ಬಂದು ಹಾಡುವುದಷ್ಟೇ ಬಾಕಿ. 1971ರ ಜನವರಿಯಲ್ಲಿ ಆಲ್ಬಮ್ ಬಂದಾಗ ಆ ಹಾಡನ್ನು ಬೇರೆ ಯಾರಿಂದಲೂ ಹಾಡಿಸದೆ, ಬರಿಯ ವಾದ್ಯವಾಗಿಯೇ ಬಿಟ್ಟರು. ಹಾಡು ಬರುತ್ತದೆ, ಹಾಡುವವಳು ಬರುವುದಿಲ್ಲ. ಎರಡೂವರೆ ನಿಮಿಷ ಆ ಖಾಲಿ ಜಾಗದ ಸುತ್ತ ವಾದ್ಯದವರು ಸುತ್ತುತ್ತಾರೆ. ಬೀಟಲ್ಸ್ ತಂಡದ ಮೂವರಾದರೋ 1995ರ ಡಿಸೆಂಬರಿನಲ್ಲಿ, ಅಂದರೆ ‘ಮೇಡ್ ಇನ್ ಹೆವನ್’ ಬಂದ ಮರುತಿಂಗಳೇ, ಜಾನ್ ಲೆನನ್ 1977ರಲ್ಲಿ ಮನೆಯ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಹಾಡಿಗೆ ತಮ್ಮ ದನಿ ಸೇರಿಸಿ ಹೊರತಂದರು. ಲೆನನ್‌ನ ದನಿ ಪಿಯಾನೊ ಜೊತೆ ಒಂದೇ ಪಟ್ಟಿಯಲ್ಲಿ ಕಲಸಿಹೋಗಿತ್ತು. ಅದು ದೂರದ ಟೆಲಿಫೋನಿನಿಂದ ಬಂದಂತೆ ಕೇಳುತ್ತದೆ. ಕಂಪ್ಯೂಟರು ಅಂಥ ದನಿಯನ್ನು ಪಿಯಾನೊದಿಂದ ಬಿಡಿಸಿ ಕೊಟ್ಟದ್ದು ಬಹಳ ತಡವಾಗಿ. ಆ ವಿದ್ಯೆಯಿಂದ ಬೀಟಲ್ಸರ ಹೆಸರಿನಲ್ಲಿ 2023ರಲ್ಲಿ ಇನ್ನೊಂದು ಹಾಡು ಬಂತು. ಫ್ರೆಡ್ಡಿಯ ದನಿಗೆ ಆ ತೊಂದರೆಯಿರಲಿಲ್ಲ. ಅದು ಮೈಕಿಗೆ ತುಟಿ ತಾಗುವಷ್ಟು ಹತ್ತಿರದಲ್ಲಿದೆ. ನಿಜ ಹೇಳಬೇಕೆಂದರೆ ನನಗೆ ಲೆನನ್‌ನ ಆ ದೂರದ ದನಿಯೇ ಹೆಚ್ಚು ನಂಬಿಕೆಗೆ ಯೋಗ್ಯವೆನಿಸುತ್ತದೆ. ಸತ್ತವನು ಎಲ್ಲಿರಬೇಕೋ ಅಲ್ಲಿಂದ ಹಾಡುತ್ತಾನೆ.

ಇಷ್ಟೆಲ್ಲ ತಕರಾರು ಹೇಳಿಯೂ ನಾನು ಈ ಆಲ್ಬಮ್ಮನ್ನು ಬಿಟ್ಟಿಲ್ಲವೆಂದರೆ ಅದಕ್ಕೆ ಕಾರಣ ‘ಮದರ್ ಲವ್’. ಮೊದಲು ಕೇಳಿದ್ದು ಕ್ಯಾಸೆಟ್ಟಿನಲ್ಲಿ, ಹಿನ್ನೆಲೆಯ ಕಥೆ ಏನೂ ಗೊತ್ತಿಲ್ಲದೆ. ಎರಡು ಚರಣ ಫ್ರೆಡ್ಡಿ ಹಾಡುತ್ತಾನೆ. ಆ ದನಿಯಲ್ಲಿ ಮೊದಲಿನ ಜರಿ ಅಂಚು ಇಲ್ಲ, ನೇಯ್ಗೆ ಕಾಣುವಷ್ಟು ಸವೆದಿದೆ, ಆದರೆ ಹರಿದಿಲ್ಲ. ನಡುವೆ ಗಿಟಾರು ಬರುತ್ತದೆ. ಆಮೇಲೆ ಮತ್ತೆ ಚರಣ ಎತ್ತಿಕೊಂಡಾಗ ದನಿ ಬೇರೆ. ತೆಳ್ಳಗಿನ, ಅಳುಕಿನ, ಹಾಡುಗಾರನಲ್ಲದವನ ದನಿ. ಕ್ಯಾಸೆಟ್ಟು ಹಾಳಾಗಿದೆಯೆಂದು ನಾನು ತೆಗೆದು ನೋಡಿದ್ದೆ. ಅದು ಬ್ರಯನ್ ಮೇ. ಅವನು ಫ್ರೆಡ್ಡಿಯಂತೆ ಹಾಡಲು ಹೋಗಿಲ್ಲ. ಬೇರೆ ಹಾಡುಗಳಲ್ಲಿ ಮಾಡಿದ ಹಾಗೆ ಎಲ್ಲಿಂದಲೋ ಚೂರುಗಳನ್ನು ತಂದು ಮುಚ್ಚಿಯೂ ಇಲ್ಲ. ಎದ್ದು ಹೋದವನ ಜಾಗದಲ್ಲಿ ಕೂತು, ಅವನು ಬಿಟ್ಟ ಕಡೆಯಿಂದ ಹೇಳಿ ಮುಗಿಸಿದ್ದಾನೆ. ಭೂಷಣಭಟ್ಟ ಮಾಡಿದ್ದೂ ಇಷ್ಟೇ. ಹಾಡು ಅಲ್ಲಿಗೆ ನಿಲ್ಲದೆ ಹಿಂದಕ್ಕೆ ಓಡುತ್ತದೆ: ವೆಂಬ್ಲಿಯ ಮೈದಾನದಲ್ಲಿ ಫ್ರೆಡ್ಡಿ ಜನರಿಂದ ಕೂಗಿಸಿದ ಆಲಾಪ, ಅದರ ಹಿಂದೆ ಇಪ್ಪತ್ತು ವರ್ಷದ ಹಾಡುಗಳೆಲ್ಲ ಗಾಳಿಯಲ್ಲಿ ಪುಟ ತಿರುವಿದಂತೆ ಒಮ್ಮೆಗೇ, ಅದರ ಹಿಂದೆ 1972ರಲ್ಲಿ ಬೇರೊಂದು ಹೆಸರಿನಲ್ಲಿ ಹಾಡಿದ್ದ ಒಂದು ಸಾಲು, ಕಡೆಗೆ ಒಂದು ಕೂಸಿನ ಅಳು. ಇದನ್ನು ಅತಿಯಾಯಿತು ಎನ್ನುವವರಿದ್ದಾರೆ. ಇರಬಹುದು. ತಾಯಿ ಜೆರ್ ಬಲ್ಸಾರಾ ಆಗಿನ್ನೂ ಬದುಕಿದ್ದಳು. ಮಗ ಹೋಗಿ ಇಪ್ಪತ್ತೈದು ವರ್ಷವಾಗುವವರೆಗೂ, 2016ರ ನವೆಂಬರಿನವರೆಗೂ ಇದ್ದಳು. ಎಂಟು ವರ್ಷದವನನ್ನು ಹಡಗು ಹತ್ತಿಸಿ ಪಂಚಗನಿಗೆ ಕಳಿಸಿದ ತಾಯಿ ಅವಳೇ. ಆ ಹಾಡನ್ನು ಕೇಳಿದಾಗಲೆಲ್ಲ ನನಗೆ ಬಂದರಿನ ಕಟ್ಟೆ ನೆನಪಾಗುತ್ತದೆ.

ಆ ಕೊನೆಯ ತಿಂಗಳುಗಳದೇ ಕೂಸು ‘ಎ ವಿಂಟರ್ಸ್ ಟೇಲ್’, ಫ್ರೆಡ್ಡಿ ತಾನಾಗಿ ಬರೆದ ಕೊನೆಯ ಹಾಡು. ಸರೋವರದ ದಂಡೆಯ ಮನೆಯಲ್ಲಿ ಕೂತು ಎದುರಿಗೆ ಕಂಡದ್ದನ್ನು ಒಂದೊಂದಾಗಿ ಎಣಿಸಿದ್ದಾನೆ. ನೀರು, ಹಕ್ಕಿ. ಸಾವಿನ ಮಾತೇ ಇಲ್ಲ. ಇದೇ ಊರನ್ನು ಬೈದು ಸ್ಟುಡಿಯೋವನ್ನು ಕೆರೆಗೆ ಹಾಕಲು ಹೊರಟಿದ್ದವನು.

ಇಂಗ್ಲೆಂಡಿನಲ್ಲಿ ಆಲ್ಬಮ್ ಬಂದೊಡನೆ ಮಾರಾಟದ ಪಟ್ಟಿಯ ತಲೆಗೆ ಹೋಯಿತು. ಮುಖಪುಟದಲ್ಲಿ ಸರೋವರದ ಮುಂದೆ ಕೈಯೆತ್ತಿ ನಿಂತ ಫ್ರೆಡ್ಡಿಯ ಪ್ರತಿಮೆ. ಹಿಂದಿನ ಪುಟದಲ್ಲಿ ನೀರಿನ ಕಡೆ ನೋಡುತ್ತಿರುವ ಮೂವರು. ಜೆಕ್ ಶಿಲ್ಪಿ ಇರೆನಾ ಸೆಡ್ಲೆಕ್ಕಾ ಮಾಡಿದ ಆ ಕಂಚಿನ ಪ್ರತಿಮೆಗೆ ಲಂಡನ್ನಿನಲ್ಲಿ ಜಾಗ ಸಿಗದೆ, 1996ರ ನವೆಂಬರ್ 25ರಂದು ಮೊಂತ್ರೋದ ದಂಡೆಯಲ್ಲೇ ನಿಲ್ಲಿಸಿದರು. 1997ರಲ್ಲಿ ಮೂವರೂ ಕೂಡಿ ಒಂದು ಹೊಸ ಹಾಡು ಮುದ್ರಿಸಿದಮೇಲೆ ಜಾನ್ ಡೀಕನ್ ತಂಡದಿಂದ ಹಿಂದೆ ಸರಿದು ಮನೆಯಲ್ಲಿ ಉಳಿದುಬಿಟ್ಟ. ಉಳಿದಿಬ್ಬರು ಬೇರೆ ಹಾಡುಗಾರರ ಜೊತೆ ಊರೂರು ಸುತ್ತಿದರು. 2022ರಲ್ಲಿ ‘ದಿ ಮಿರಾಕಲ್’ ಕಾಲದ ಹಳೆಯ ಟೇಪಿನಿಂದ ಫ್ರೆಡ್ಡಿಯ ಇನ್ನೂ ಒಂದು ಹಾಡನ್ನು ಹೊರತೆಗೆದರು. ಅಟ್ಟ ಇನ್ನೂ ಪೂರ್ತಿ ಖಾಲಿಯಾಗಿರಲಿಲ್ಲ.

2013ರ ಡಿಸೆಂಬರಿನಲ್ಲಿ ಆ ಹಳೆಯ ಸ್ಟುಡಿಯೋದ ಜಾಗವನ್ನು ಕ್ಯಾಸಿನೊದಲ್ಲೇ ಒಂದು ಪ್ರದರ್ಶನವಾಗಿ ತೆರೆದರು. ಡೇವಿಡ್ ರಿಚರ್ಡ್ಸ್ ತೀರಿಕೊಂಡದ್ದೂ ಅದೇ ತಿಂಗಳು. ಫ್ರೆಡ್ಡಿ ಕೊನೆಯ ಬಾರಿ ನಿಂತು ಹಾಡಿದ ಸ್ಥಳವನ್ನು ಅಲ್ಲಿ ಗುರುತು ಮಾಡಿದ್ದಾರೆ. ಒಂದು ಮಿಕ್ಸಿಂಗ್ ಮೇಜನ್ನೂ ಇಟ್ಟು, ‘ಮದರ್ ಲವ್’ನ ಪಟ್ಟಿಗಳನ್ನು ಬಂದವರೇ ಏರಿಸಿ ಇಳಿಸುವಂತೆ ಮಾಡಿದ್ದಾರೆ. ಗಿಟಾರನ್ನು ಇಳಿಸಬಹುದು, ಡ್ರಮ್ಮನ್ನು ಇಳಿಸಬಹುದು, ಎಲ್ಲವನ್ನೂ ಇಳಿಸಿ ಅವನೊಬ್ಬನ ದನಿಯನ್ನು ಮಾತ್ರ ಉಳಿಸಿಕೊಳ್ಳಬಹುದು. ಕೊನೆಯ ಚರಣ ಬಂದಾಗ ಆ ಪಟ್ಟಿಯಲ್ಲಿ ಏನೂ ಇರುವುದಿಲ್ಲ.